ಹೊಸ ಆ್ಯಪ್ ಬೇಡ, ಇರುವುದನ್ನು ಕಲಿಸಿ

ಜೂನ್ ತಿಂಗಳಲ್ಲಿ ಯಾವುದಾದರೂ ಪ್ರೌಢಶಾಲೆಯ ಕಚೇರಿಗೆ ಹೋದರೆ ಈ ದೃಶ್ಯ ಕಾಣಬಹುದು. ಪೋಷಕರ ಸಭೆಗೆ ಕರೆಯುವ ಒಂದು ಪುಟದ ಪತ್ರ ಕಂಪ್ಯೂಟರ್ ಪರದೆಯ ಮೇಲಿರುತ್ತದೆ. ಗುಮಾಸ್ತರು ಪಕ್ಕದಲ್ಲಿ ದಾಖಲಾತಿ ಪುಸ್ತಕ ತೆರೆದಿಟ್ಟುಕೊಂಡು, ಪತ್ರದಲ್ಲಿರುವ ಹೆಸರು ಅಳಿಸಿ ಮುಂದಿನ ಹೆಸರು ಟೈಪ್ ಮಾಡುತ್ತಾರೆ, ಊರು ಬದಲಿಸುತ್ತಾರೆ, ಪ್ರಿಂಟ್ ಕೊಡುತ್ತಾರೆ. ಮತ್ತೆ ಅಳಿಸುತ್ತಾರೆ. ಇನ್ನೂರು ಮಕ್ಕಳಿದ್ದರೆ ಇನ್ನೂರು ಸಲ. ನಡುವೆ ಯಾರೋ ವರ್ಗಾವಣೆ ಪತ್ರ ಕೇಳಿಕೊಂಡು ಬರುತ್ತಾರೆ, ಗಮನ ತಪ್ಪುತ್ತದೆ, ಒಬ್ಬರ ಹೆಸರಿನ ಕೆಳಗೆ ಇನ್ನೊಬ್ಬರ ಊರು ಕೂತುಬಿಡುತ್ತದೆ. ಎರಡು ದಿನದ ಕೆಲಸ ಅದು.

ಅದೇ ಕಂಪ್ಯೂಟರಿನಲ್ಲಿ, ಅದೇ ವರ್ಡ್ ಒಳಗೆ, ಮೇಲ್ ಮರ್ಜ್ ಎಂಬ ಸೌಲಭ್ಯ ಇದೆ. ಹೆಸರು, ಊರು, ತರಗತಿಗಳ ಪಟ್ಟಿ ಎಕ್ಸೆಲ್‌ನಲ್ಲಿ ಒಂದು ಸಲ ಸಿದ್ಧವಾದರೆ ಸಾಕು. ಪತ್ರದಲ್ಲಿ ಹೆಸರು ಬರಬೇಕಾದ ಕಡೆ ಪಟ್ಟಿಯ ಕಾಲಂ ಯಾವುದೆಂದು ತೋರಿಸಿಬಿಟ್ಟರೆ, ಇನ್ನೂರು ಪತ್ರಗಳೂ ಕೆಲವೇ ಕ್ಷಣದಲ್ಲಿ ಸಿದ್ಧ. ಇದು ನಿನ್ನೆ ಮೊನ್ನೆ ಬಂದ ಸೌಲಭ್ಯವಲ್ಲ. 1980ರ ದಶಕದಲ್ಲಿ ವರ್ಡ್‌ಸ್ಟಾರ್ ಬಳಸುತ್ತಿದ್ದವರೂ ಮೇಲ್ ಮರ್ಜ್ ಮಾಡುತ್ತಿದ್ದರು. ದುಡ್ಡು ಕೊಟ್ಟು ವರ್ಡ್ ಕೊಳ್ಳಲಾಗದ ಶಾಲೆಗೆ ಉಚಿತವಾಗಿ ಸಿಗುವ ಲಿಬ್ರೆ ಆಫೀಸ್‌ನಲ್ಲೂ ಅದು ಇದೆ. ಇಲ್ಲದಿರುವುದು ಒಂದೇ: ಅರ್ಧ ಗಂಟೆ ಪಕ್ಕದಲ್ಲಿ ಕೂತು ಹೇಳಿಕೊಡುವ ಒಬ್ಬ ಮನುಷ್ಯ.

ಕೆಲಸ ಚುರುಕಾಗಬೇಕೆಂಬ ಮಾತು ಬಂದಾಗಲೆಲ್ಲ ನಮ್ಮ ಇಲಾಖೆಗಳು, ಸಂಸ್ಥೆಗಳು, ಖಾಸಗಿ ಕಚೇರಿಗಳು ಮೊದಲು ಯೋಚಿಸುವುದು ಹೊಸ ಸಾಫ್ಟ್‌ವೇರ್ ಬಗ್ಗೆ. ಹೊಸ ಪೋರ್ಟಲ್, ಹೊಸ ಆ್ಯಪ್, ಹೊಸ ಪಾಸ್‌ವರ್ಡ್. ಈಗಾಗಲೇ ಮೇಜಿನ ಮೇಲಿರುವ ಯಂತ್ರದಲ್ಲಿ ಏನೇನಿದೆ, ಅದರಲ್ಲಿ ಎಷ್ಟನ್ನು ಸಿಬ್ಬಂದಿ ಬಳಸುತ್ತಿದ್ದಾರೆ ಎಂದು ವಿಚಾರಿಸುವವರು ಕಡಿಮೆ. ಈ ಲೇಖನದ ವಾದ ಇಷ್ಟೇ: ಕರ್ನಾಟಕದ ಸಾಮಾನ್ಯ ಕಚೇರಿಯಲ್ಲಿ, ಶಾಲೆಯಲ್ಲಿ, ಮುದ್ರಣಾಲಯದಲ್ಲಿ ದಿನಗಟ್ಟಲೆ ಸಮಯ ಉಳಿಸಬಲ್ಲ ಸಾಧನಗಳು ಈಗಾಗಲೇ ಇವೆ. ಅವು ಕೆಲಸಕ್ಕೆ ಬಾರದೆ ಕೂತಿರುವುದಕ್ಕೆ ಎರಡು ಕಾರಣ. ಕಲಿಸುವವರಿಲ್ಲ ಎಂಬುದು ಒಂದು. ನಮ್ಮ ಕನ್ನಡ ಪಠ್ಯದ ದೊಡ್ಡ ಪಾಲು ಇಂದಿಗೂ ಹಳೆಯ ಫಾಂಟುಗಳಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬುದು ಇನ್ನೊಂದು.

ಕಲಿಸುವ ವಿಷಯಕ್ಕೆ ಬಂದರೆ, ಅದರ ಮಹತ್ವವನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡವರಲ್ಲಿ ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಒಬ್ಬರು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರು ನಡೆಸಿದ ಪ್ರಾತ್ಯಕ್ಷಿಕೆಯಲ್ಲಿ ಮೌಸ್ ಇತ್ತು, ಪರದೆಯ ಮೇಲೆ ಪಠ್ಯ ತಿದ್ದುವುದಿತ್ತು, ಕೊಂಡಿ ಒತ್ತಿ ಇನ್ನೊಂದು ಪುಟಕ್ಕೆ ಹೋಗುವುದಿತ್ತು, ದೂರದಲ್ಲಿ ಕೂತ ಇಬ್ಬರು ಒಂದೇ ದಾಖಲೆಯ ಮೇಲೆ ಕೆಲಸ ಮಾಡುವುದೂ ಇತ್ತು. ಮೌಸ್ ಕಂಡುಹಿಡಿದವರೆಂದೇ ಅವರನ್ನು ಜಗತ್ತು ನೆನೆಯುತ್ತದೆ. ಆದರೆ 1962ರಲ್ಲೇ ಬರೆದ ವರದಿಯಲ್ಲಿ ಅವರು ಹೇಳಿದ್ದು ಯಂತ್ರದ ಬಗ್ಗೆ ಮಾತ್ರವಲ್ಲ. ಮನುಷ್ಯನ ಸಾಮರ್ಥ್ಯ ಹೆಚ್ಚಬೇಕಾದರೆ ಸಾಧನದ ಜತೆಗೆ ಅವನು ಯೋಚಿಸುವ ಭಾಷೆ, ಕೆಲಸದ ವಿಧಾನ ಮತ್ತು ತರಬೇತಿ ಎಲ್ಲ ಸೇರಿ ಒಂದು ವ್ಯವಸ್ಥೆಯಾಗಬೇಕು ಎಂಬುದು ಅವರ ವಾದವಾಗಿತ್ತು. ನಾವು ಸಾಧನವನ್ನಷ್ಟೇ ಕೊಂಡೆವು, ಉಳಿದ ಮೂರನ್ನು ಸಿಬ್ಬಂದಿಯ ಪಾಡಿಗೆ ಬಿಟ್ಟೆವು.

ಎಕ್ಸೆಲ್ ಇದಕ್ಕೆ ಒಳ್ಳೆಯ ಉದಾಹರಣೆ. ಇಂಥ ತಂತ್ರಾಂಶಗಳ ಮೂಲ 1979ರ ವಿಸಿಕ್ಯಾಲ್ಕ್. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ತರಗತಿಯಲ್ಲಿ ಕೂತು ಕಪ್ಪುಹಲಗೆಯ ಮೇಲಿನ ಲೆಕ್ಕದ ಕೋಷ್ಟಕ ನೋಡುತ್ತಿದ್ದರು. ಒಂದು ಅಂಕಿ ತಪ್ಪಾದರೆ ಅದನ್ನು ಅವಲಂಬಿಸಿದ ಸಾಲನ್ನೆಲ್ಲ ಅಳಿಸಿ ಮತ್ತೆ ಬರೆಯಬೇಕಿತ್ತು. ಒಂದು ಅಂಕಿ ಬದಲಿಸಿದರೆ ಉಳಿದದ್ದೆಲ್ಲ ತಾನಾಗಿ ಬದಲಾಗುವ ಹಲಗೆ ಇದ್ದರೆ ಹೇಗೆ ಎಂಬ ಯೋಚನೆ ಅಲ್ಲಿ ಹುಟ್ಟಿತು. ಗೆಳೆಯ ಬಾಬ್ ಫ್ರ್ಯಾಂಕ್‌ಸ್ಟನ್ ಜತೆ ಸೇರಿ ಅವರು ಅದನ್ನು ಆ್ಯಪಲ್ 2 ಯಂತ್ರಕ್ಕೆ ರೂಪಿಸಿದರು. ಆ ಒಂದು ತಂತ್ರಾಂಶಕ್ಕಾಗಿಯೇ ಕಂಪ್ಯೂಟರ್ ಕೊಂಡವರಿದ್ದರು.

ನಾಲ್ಕು ದಶಕ ದಾಟಿದ ಮೇಲೂ ನಮ್ಮಲ್ಲಿ ಎಷ್ಟೋ ಕಡೆ ಎಕ್ಸೆಲ್ ಗೆರೆ ಹಾಕಿದ ಹಾಳೆಯಾಗಿ ಮಾತ್ರ ಉಳಿದಿದೆ. ಅಂಕಿಗಳನ್ನು ಕಾಲಂನಲ್ಲಿ ತುಂಬಿ, ಮೇಜಿನ ಮೇಲಿನ ಕ್ಯಾಲ್ಕುಲೇಟರಿನಲ್ಲಿ ಕೂಡಿ, ಬಂದ ಮೊತ್ತವನ್ನು ಕೆಳಗಿನ ಮನೆಯಲ್ಲಿ ಟೈಪ್ ಮಾಡುವ ಪದ್ಧತಿ ಸಹಕಾರ ಸಂಘಗಳಲ್ಲಿ, ಗುತ್ತಿಗೆದಾರರ ಕಚೇರಿಗಳಲ್ಲಿ ಈಗಲೂ ಇದೆ. ಬ್ರಿಕ್ಲಿನ್ ಯಾವ ಶ್ರಮವನ್ನು ತಪ್ಪಿಸಲು ಹೊರಟರೋ ಅದೇ ಶ್ರಮ ಅವರ ಸಾಧನದ ಮುಂದೆಯೇ ನಡೆಯುತ್ತಿದೆ. ಕೆಲಸ ಮಾಡುವವರನ್ನು ದೂರುವುದು ಸರಿಯಲ್ಲ. ಕೂಡುವ ಸೂತ್ರ ಒಂದು, ಎರಡು ಪಟ್ಟಿಗಳನ್ನು ತಾಳೆ ಹಾಕುವ ವಿ-ಲುಕಪ್ ಒಂದು, ಬೇಕಾದ ಸಾಲುಗಳನ್ನಷ್ಟೇ ತೋರಿಸುವ ಫಿಲ್ಟರ್ ಒಂದು, ಇಷ್ಟನ್ನು ಅವರದೇ ಕಚೇರಿಯ ಕಡತ ಇಟ್ಟುಕೊಂಡು ಯಾರೂ ತೋರಿಸಲಿಲ್ಲ, ಅಷ್ಟೆ.

ತೋರಿಸದಿದ್ದರೆ ಸಮಯ ಹಾಳಾಗುವುದಷ್ಟೇ ಅಲ್ಲ, ಅಪಾಯವೂ ಇದೆ. ಫಲಾನುಭವಿಗಳ ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಎಕ್ಸೆಲ್‌ನಲ್ಲಿ ನೇರವಾಗಿ ಟೈಪ್ ಮಾಡಿದರೆ ಏನಾಗುತ್ತದೆ ನೋಡಿ. ಸಂಖ್ಯೆ ಸೊನ್ನೆಯಿಂದ ಶುರುವಾಗಿದ್ದರೆ ಆ ಸೊನ್ನೆ ಹಾರಿಹೋಗುತ್ತದೆ. ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ನಿಖರವಾಗಿ ಇಟ್ಟುಕೊಳ್ಳುವುದರಿಂದ, 16 ಅಂಕಿಯ ಖಾತೆ ಸಂಖ್ಯೆಯ ಕೊನೆಯ ಅಂಕಿ ಯಾವುದೇ ಇದ್ದರೂ ಸದ್ದಿಲ್ಲದೆ ಸೊನ್ನೆಯಾಗುತ್ತದೆ. 12 ಅಂಕಿಯ ಆಧಾರ್ ಸಂಖ್ಯೆ ದಶಾಂಶ ಬಿಂದು, ಇ ಅಕ್ಷರ ಸೇರಿದ ವಿಚಿತ್ರ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಟೈಪ್ ಮಾಡುವ ಮೊದಲು ಆ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ನಿಗದಿ ಮಾಡಿದರೆ ಈ ಮೂರೂ ತೊಂದರೆ ಇಲ್ಲ. ಗೊತ್ತಿಲ್ಲದಿದ್ದರೆ, ಒಬ್ಬ ಬಡ ರೈತನ ಹಣ ಬ್ಯಾಂಕಿನಿಂದ ವಾಪಸ್ ಹೋಗಿ, ಅವನು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ.

ದೊಡ್ಡ ದೇಶಗಳೂ ಇದಕ್ಕೆ ಹೊರತಲ್ಲ. ಕೋವಿಡ್ ಕಾಲದಲ್ಲಿ, 2020ರ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ 2ರವರೆಗೆ, ಇಂಗ್ಲೆಂಡಿನ 15,841 ಸೋಂಕಿತರ ವಿವರ ದೈನಿಕ ಲೆಕ್ಕದಿಂದ ಬಿಟ್ಟುಹೋಯಿತು. ಪ್ರಯೋಗಾಲಯಗಳಿಂದ ಬಂದ ಪಟ್ಟಿಗಳನ್ನು ಎಕ್ಸೆಲ್‌ನ ಹಳೆಯ ಮಾದರಿಯ ಕಡತಕ್ಕೆ ತುಂಬುತ್ತಿದ್ದರು. ಆ ಮಾದರಿಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಮಿಕ್ಕಿದ್ದು ಹೊರಗೇ ಉಳಿಯಿತು. ಆ ರೋಗಿಗಳ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ದಿನಗಟ್ಟಲೆ ತಡವಾಯಿತು. ಹೊಸ ಮಾದರಿಯ ಕಡತ ಹತ್ತು ಲಕ್ಷಕ್ಕೂ ಹೆಚ್ಚು ಸಾಲು ಹಿಡಿಸುತ್ತದೆ, ಅದು ಆಗಲೇ ಬಂದು ವರ್ಷಗಳಾಗಿದ್ದವು.

ಇನ್ನು ಸಣ್ಣಪುಟ್ಟವು. ಕಟ್, ಕಾಪಿ, ಪೇಸ್ಟ್ ಎಂಬ ಮೂರು ಪದ ಈಗ ಮಕ್ಕಳಿಗೂ ಗೊತ್ತು. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಇದನ್ನು ಇಂದಿನ ರೂಪಕ್ಕೆ ತಂದವರಲ್ಲಿ ಮುಖ್ಯರಾದ ಲ್ಯಾರಿ ಟೆಸ್ಲರ್ 2020ರಲ್ಲಿ ತೀರಿಕೊಂಡರು. ಆದರೆ ಕಾಪಿ ಮಾಡಿದ್ದು ಒಂದೇ ಉಳಿಯುತ್ತದೆ, ಎರಡನೆಯದು ಮಾಡಿದರೆ ಮೊದಲನೆಯದು ಹೋಯಿತು ಎಂದೇ ಬಹಳ ಜನ ತಿಳಿದಿದ್ದಾರೆ. ವಿಂಡೋಸ್ 10ಕ್ಕೆ 2018ರ ಅಕ್ಟೋಬರ್ ಪರಿಷ್ಕರಣೆಯಲ್ಲಿ ಬಂದ ಸೌಲಭ್ಯವೊಂದಿದೆ: ವಿಂಡೋಸ್ ಕೀಲಿ ಹಿಡಿದು ‘ವಿ’ ಒತ್ತಿದರೆ ಹಿಂದೆ ಕಾಪಿ ಮಾಡಿದ 25 ತುಣುಕುಗಳ ಪಟ್ಟಿ ತೆರೆದುಕೊಳ್ಳುತ್ತದೆ. ಮೊದಲ ಸಲ ಅದನ್ನು ಚಾಲೂ ಮಾಡಿಕೊಂಡರೆ ಸಾಕು. ಒಂದು ಪುಟದಿಂದ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಒಟ್ಟಿಗೆ ಕಾಪಿ ಮಾಡಿಕೊಂಡು ಬಂದು ಅರ್ಜಿಯಲ್ಲಿ ಒಂದೊಂದಾಗಿ ಹಾಕಬಹುದು. ಸೈಬರ್ ಸೆಂಟರಿನಲ್ಲಿ ದಿನವಿಡೀ ಅರ್ಜಿ ತುಂಬುವ ಹುಡುಗರಿಗೆ ಇದರಷ್ಟು ಉಪಕಾರದ ಕೀಲಿ ಇನ್ನೊಂದಿಲ್ಲ.

ಫೋನಿನ ಜಿ-ಬೋರ್ಡ್ ಕೀಲಿಮಣೆಯಲ್ಲಿ ವೈಯಕ್ತಿಕ ನಿಘಂಟು ಎಂಬುದಿದೆ. ಅದರಲ್ಲಿ ನಮ್ಮ ಪೂರ್ತಿ ವಿಳಾಸ ಬರೆದಿಟ್ಟು, ‘ವಿಳಾ’ ಎಂದು ಸಂಕ್ಷೇಪ ಕೊಟ್ಟರೆ, ಆ ಎರಡಕ್ಷರ ಟೈಪ್ ಮಾಡಿದೊಡನೆ ವಿಳಾಸವೆಲ್ಲ ಆಯ್ಕೆಯಾಗಿ ಬರುತ್ತದೆ. ವರ್ಡ್‌ನ ಆಟೊ ಕರೆಕ್ಟ್ ಕೂಡ ಇದೇ ಕೆಲಸ ಮಾಡುತ್ತದೆ. ಅದನ್ನು ತಪ್ಪು ತಿದ್ದಲು ಮಾತ್ರವಲ್ಲ, ಪತ್ರದ ಮಾಮೂಲಿ ಸಾಲುಗಳನ್ನು ಸಂಕ್ಷೇಪದಿಂದ ಬರಿಸಿಕೊಳ್ಳಲೂ ಬಳಸಬಹುದು. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಆರಂಭವಾಗುವ ವಾಕ್ಯವನ್ನು ಸರ್ಕಾರಿ ಕಚೇರಿಯೊಂದು ದಿನಕ್ಕೆ ಎಷ್ಟು ಸಲ ಟೈಪ್ ಮಾಡುತ್ತದೆಂದು ಯೋಚಿಸಿದರೆ ಇದರ ಬೆಲೆ ತಿಳಿಯುತ್ತದೆ.

ಈಗ ಎರಡನೆಯ ಕಾರಣಕ್ಕೆ ಬರಬೇಕು. ಕನ್ನಡದವರ ಮಟ್ಟಿಗೆ ಇದೇ ದೊಡ್ಡದು.

ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಹೋರಾಡಿದವರ ಋಣ ನಮ್ಮ ಮೇಲೆ ಬಹಳ ಇದೆ. ಕೆ.ಪಿ. ರಾವ್ ಅವರು ತರ್ಕಬದ್ಧವಾದ ಕೀಲಿಮಣೆ ವಿನ್ಯಾಸ ಕೊಟ್ಟರು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳ ಮೂಲೆಮೂಲೆಗೆ ಹೋಯಿತು. ಆಗಿನ ಕಂಪ್ಯೂಟರುಗಳಿಗೆ ಇಂಗ್ಲಿಷ್ ಲಿಪಿಯೊಂದೇ ಗೊತ್ತಿದ್ದುದರಿಂದ, ಒಂದೊಂದು ಇಂಗ್ಲಿಷ್ ಚಿಹ್ನೆಯ ಜಾಗದಲ್ಲಿ ಒಂದೊಂದು ಕನ್ನಡ ತುಣುಕಿನ ಚಿತ್ರ ಇಟ್ಟು ಫಾಂಟ್ ಮಾಡುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಆ ಕಾಲಕ್ಕೆ ಅದು ಸರಿಯಾದ ಉಪಾಯ.

ಆ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದ್ದನ್ನು ವಾಟ್ಸ್‌ಆ್ಯಪ್‌ಗೋ ಇಮೇಲ್‌ಗೋ ತಂದು ಪೇಸ್ಟ್ ಮಾಡಿದರೆ ಏನು ಕಾಣುತ್ತದೆ? ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ ಲಿಪಿಯ ಜೋಡಿ ಎಸ್, ಒಂದು ಕ್ಯೂ, ಕೊನೆಗೆ ಮತ್ತೊಮ್ಮೆ ಗೀಟಿನ ಎ. ಕಡತದ ಒಳಗೆ ನಿಜವಾಗಿ ಇರುವುದು ಇಷ್ಟೇ. ಕನ್ನಡವೆಂದು ನಾವು ಓದುತ್ತಿದ್ದದ್ದು ಅದರ ಮೇಲೆ ಹೊದಿಸಿದ ಚಿತ್ರ. ಕಂಪ್ಯೂಟರಿಗೆ ಅಲ್ಲಿ ಕನ್ನಡದ ಒಂದಕ್ಷರವೂ ಕಾಣುವುದಿಲ್ಲ.

ಹಾಗಾಗಿ ಮೇಲೆ ಹೇಳಿದ ಸಾಧನಗಳೆಲ್ಲ ಇಲ್ಲಿ ಕೈಚೆಲ್ಲುತ್ತವೆ. ಸಾವಿರ ಕಡತಗಳ ನಡುವೆ ಒಂದು ಊರಿನ ಹೆಸರು ಹುಡುಕಿದರೆ ಸಿಗುವುದಿಲ್ಲ. ಮತದಾರರ ಅಥವಾ ಸದಸ್ಯರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಎಕ್ಸೆಲ್ ಪಿ, ಕ್ಯೂಗಳ ಕ್ರಮದಲ್ಲಿ ಜೋಡಿಸುತ್ತದೆ, ಕ, ಖ, ಗ ಚೆಲ್ಲಾಪಿಲ್ಲಿ. ಅಂತರ್ಜಾಲಕ್ಕೆ ಹಾಕಿದರೆ ಗೂಗಲ್‌ಗೆ ಅದು ಓದಲಾಗದ ಬರಹ. ಎಲ್ಲಕ್ಕಿಂತ ನೋವಿನ ಸಂಗತಿ ಅಂಧರದು. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಅದರ ನೆರವಿನಿಂದ ಓದಿ ನೌಕರಿ ಮಾಡುವ ಅಂಧರು ರಾಜ್ಯದಲ್ಲಿದ್ದಾರೆ. ಹಳೆಯ ಫಾಂಟಿನ ಸುತ್ತೋಲೆಯೊಂದು ಅವರ ಮುಂದೆ ಬಂದರೆ ಯಂತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಒದರುತ್ತದೆ. ತನ್ನದೇ ಇಲಾಖೆಯ ಆದೇಶವನ್ನು ಓದಲು ಆ ನೌಕರ ಪಕ್ಕದವರನ್ನು ಬೇಡಬೇಕು. ಇದನ್ನು ಇನ್ನೂ ಸಹಿಸಿಕೊಂಡಿರುವುದು ಅನ್ಯಾಯ.

ಪರಿಹಾರ ಬಂದು ಎಷ್ಟು ಕಾಲವಾಯಿತು? ಒಂದೊಂದು ಲಿಪಿಯ ಒಂದೊಂದು ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ವ್ಯವಸ್ಥೆಯಾಗಿ 1991ರಲ್ಲಿ ಹೊರಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. 2001ರ ವಿಂಡೋಸ್ ಎಕ್ಸ್‌ಪಿ ಕನ್ನಡ ಯೂನಿಕೋಡನ್ನೂ ‘ತುಂಗಾ’ ಎಂಬ ಕನ್ನಡ ಫಾಂಟನ್ನೂ ಹೊತ್ತುಕೊಂಡೇ ಬಂತು. ಈಗ ಪ್ರತಿಯೊಂದು ಫೋನಿನಲ್ಲಿ ನಾವು ಬರೆಯುವುದು ಯೂನಿಕೋಡೇ. ಆದರೂ ಮುದ್ರಣ ಲೋಕ ಮತ್ತು ಕಚೇರಿಗಳ ಒಂದು ಭಾಗ ಹಿಂದೆ ಉಳಿದಿದೆ. ಅದಕ್ಕೆ ಗಟ್ಟಿ ಕಾರಣವೂ ಇದೆ: ಡಿಟಿಪಿ ಅಂಗಡಿಗಳ ಕೈಗೆ ಒಗ್ಗಿದ ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ತಿಳಿಯದು. ಸಾವಿರಾರು ಕನ್ನಡ ಪುಸ್ತಕಗಳು ಅದರಲ್ಲೇ ಸಿದ್ಧವಾಗಿವೆ. ಪುಸ್ತಕ ಮರುಮುದ್ರಣ ಆಗಬೇಕೆಂದರೆ ಹಳೆಯ ಕಂಪ್ಯೂಟರ್ ಹುಡುಕಬೇಕು, ಸಿಗದಿದ್ದರೆ ಪೂರ್ತಿ ಪುಸ್ತಕವನ್ನು ಮತ್ತೆ ಟೈಪ್ ಮಾಡಿಸಬೇಕು. ಇಷ್ಟು ದುಬಾರಿಯಾದ ಅಭ್ಯಾಸವನ್ನು ಉಳಿಸಿಕೊಳ್ಳುವಷ್ಟು ಶ್ರೀಮಂತಿಕೆ ಕನ್ನಡ ಪ್ರಕಾಶನಕ್ಕೆ ಇಲ್ಲ.

ಯೂನಿಕೋಡ್ ಎಂದೊಡನೆ ಅನುಭವಿ ಟೈಪಿಸ್ಟರು ಹಿಂಜರಿಯುವುದುಂಟು. ಬೆರಳಿಗೆ ಅಂಟಿದ ಕೀಲಿಗಳನ್ನು ಬಿಟ್ಟು ಹೊಸದಾಗಿ ಕಲಿಯಬೇಕೇ ಎಂಬ ಭಯ. ಈ ಭಯಕ್ಕೆ ಆಧಾರವಿಲ್ಲ. ನುಡಿಯ ವಿನ್ಯಾಸದಲ್ಲಿ ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿ ಸಾಕು. ನಡುವಿನ ಎಫ್ ಒತ್ತಕ್ಷರ ಬರಿಸುವ ಕೀಲಿ. ಯೂನಿಕೋಡ್‌ಗೆ ಬದಲಾದರೂ ಅವೇ ಐದು ಕೀಲಿ, ಅದೇ ಕ್ರಮ. ಬದಲಾಗುವುದು ಒಳಗೆ ಉಳಿಯುವ ಸಂಕೇತ ಮಾತ್ರ. ಇಂಗ್ಲಿಷ್ ಉಚ್ಚಾರಣೆಯ ಪ್ರಕಾರ ಟೈಪ್ ಮಾಡುವವರಿಗೆ ವಿಂಡೋಸ್‌ನಲ್ಲೇ 2019ರಿಂದ ಕನ್ನಡದ ಫೊನೆಟಿಕ್ ಕೀಲಿಮಣೆ ಇದೆ. ಬೇರೆ ಏನನ್ನೂ ಹಾಕಿಕೊಳ್ಳಬೇಕಿಲ್ಲ.

ಟೈಪ್ ಮಾಡಲು ಬಾರದವರಿಗೂ ದಾರಿ ತೆರೆದಿದೆ. ಕನ್ನಡದಲ್ಲಿ ಮಾತಾಡಿದ್ದನ್ನು ಬರಹವಾಗಿಸುವ ಸೌಲಭ್ಯವನ್ನು ಗೂಗಲ್ 2017ರ ಆಗಸ್ಟ್‌ನಲ್ಲಿ ಕೊಟ್ಟಿತು. ಹಳ್ಳಿಯ ಹಿರಿಯರು ಫೋನಿಗೆ ಬಾಯಿಟ್ಟು ಸಂದೇಶ ಕಳಿಸುವುದು ಈಗ ಸಾಮಾನ್ಯ. ಉದ್ದದ ಲೇಖನವನ್ನೂ ಹೀಗೆ ಹೇಳಿ ಬರೆಸಬಹುದು. ವಿರಾಮ ಚಿಹ್ನೆ ಹಾಕುವುದು, ಮಹಾಪ್ರಾಣ ತಿದ್ದುವುದು ಮನುಷ್ಯನ ಪಾಲಿಗೆ ಉಳಿಯುತ್ತದೆ. ಅಚ್ಚಾದ ಪುಟದ ಫೋಟೊ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ, ಪುಟದ ಪಠ್ಯ ತಿದ್ದಬಹುದಾದ ಯೂನಿಕೋಡ್ ಅಕ್ಷರಗಳಾಗಿ ಬರುತ್ತದೆ. ಸ್ವಚ್ಛವಾಗಿ ಅಚ್ಚಾದ ಪುಟ ಚೆನ್ನಾಗಿ ಬರುತ್ತದೆ. ಹಳೆಯ ಮೊಳೆಯಚ್ಚಿನ, ಮಸಿ ಹರಡಿದ ಪುಟಕ್ಕೆ ಕರಡು ತಿದ್ದುವವರು ಬೇಕು. ಕನ್ನಡ ವಿಕಿಸೋರ್ಸ್‌ನ ಸ್ವಯಂಸೇವಕರು ಹಳೆಯ ಪುಸ್ತಕಗಳನ್ನು ಹೀಗೇ ಒಂದೊಂದು ಪುಟವಾಗಿ ಓದಿ, ತಿದ್ದಿ ಜೋಡಿಸುತ್ತಿದ್ದಾರೆ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಇದೆಲ್ಲ ಹಳೆಯ ಮಾತು ಎನ್ನುವವರಿದ್ದಾರೆ. ವಾಸ್ತವ ಬೇರೆ. ಆ ಯಂತ್ರಗಳು ಕಲಿಯುವುದು, ಉತ್ತರಿಸುವುದು ಅಕ್ಷರಗಳಿಂದ. ಕನ್ನಡದ ಒಳ್ಳೆಯ ಗದ್ಯ, ಆಡಳಿತದ ಆದೇಶಗಳು, ವಿಶ್ವವಿದ್ಯಾಲಯಗಳ ಪ್ರಬಂಧಗಳು ಪೌಂಡ್ ಗುರುತಿನ ಹಿಂದೆ ಅಡಗಿದ್ದರೆ ಅವು ಯಾವ ಯಂತ್ರಕ್ಕೂ ದಕ್ಕುವುದಿಲ್ಲ. ಇನ್ನೊಂದು ಮಾತು: ಪಟ್ಟಿಯಲ್ಲಿರುವ ಇನ್ನೂರು ಹೆಸರನ್ನು ಇನ್ನೂರು ಪತ್ರಕ್ಕೆ ಹಾಕುವಂಥ ಕೆಲಸದಲ್ಲಿ ಊಹೆಗೆ ಜಾಗ ಇರಬಾರದು. ಪಟ್ಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ತಂದು ಕೂರಿಸುವ ಮೇಲ್ ಮರ್ಜ್ ಅಂಥ ಕಡೆ ಹೆಚ್ಚು ನಂಬಿಕಸ್ಥ.

ರಾಜ್ಯ ಸರ್ಕಾರ ತನ್ನ ನೌಕರರಿಗಾಗಿ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮಗಳನ್ನು 2012ರಲ್ಲೇ ಜಾರಿಗೆ ತಂದಿತು. ಉದ್ದೇಶ ಒಳ್ಳೆಯದು. ತೇರ್ಗಡೆಯಾಗಬೇಕಾದ ಗಡುವನ್ನು ಮತ್ತೆ ಮತ್ತೆ ಮುಂದೂಡಬೇಕಾಗಿ ಬಂದದ್ದನ್ನು ನೋಡಿದರೆ, ಪರೀಕ್ಷೆ ಇಟ್ಟ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ ಎಂಬುದು ಸ್ಪಷ್ಟ. ಈಜು ಕಲಿಯುವವರನ್ನು ನೀರಿಗೇ ಇಳಿಸಬೇಕು. ಗ್ರಾಮ ಪಂಚಾಯಿತಿಯ ಡಾಟಾ ಎಂಟ್ರಿ ಆಪರೇಟರಿಗೆ ತೆರಿಗೆ ಬೇಡಿಕೆ ಪಟ್ಟಿಯ ಮೇಲೆಯೇ ಫಿಲ್ಟರ್ ಕಲಿಸಬೇಕು, ಶಾಲಾ ಗುಮಾಸ್ತರಿಗೆ ಈ ವರ್ಷದ ದಾಖಲಾತಿ ಪಟ್ಟಿಯ ಮೇಲೆಯೇ ಮೇಲ್ ಮರ್ಜ್ ಕಲಿಸಬೇಕು. ಪ್ರತಿ ತಾಲ್ಲೂಕಿನಲ್ಲಿ ಇವೆಲ್ಲ ಚೆನ್ನಾಗಿ ಬಲ್ಲ ಒಬ್ಬಿಬ್ಬರು ನೌಕರರು ಇದ್ದೇ ಇರುತ್ತಾರೆ. ಎಲ್ಲರೂ ಸಂದೇಹ ಬಂದಾಗ ಫೋನ್ ಮಾಡುವುದು ಅವರಿಗೇ. ತಿಂಗಳಿಗೆ ಒಂದು ದಿನ ಅವರಿಗೆ ಮಾಮೂಲಿ ಕೆಲಸದಿಂದ ಬಿಡುವು ಕೊಟ್ಟು, ಬೇರೆ ಬೇರೆ ಕಚೇರಿಗಳಿಗೆ ಕಳಿಸಿ, ಪ್ರಯಾಣ ಭತ್ಯೆ ಕೊಟ್ಟರೆ ಆಗುವ ಖರ್ಚು ಹೊಸ ಪೋರ್ಟಲಿನ ಟೆಂಡರಿಗಿಂತ ಎಷ್ಟೋ ಕಡಿಮೆ. ಕಲಿಸುವವರೂ ಅದೇ ಕಡತ, ಅದೇ ಒತ್ತಡ ಬಲ್ಲವರಾದ್ದರಿಂದ ಕೇಳುವವರಿಗೆ ಸಂಕೋಚ ಇರುವುದಿಲ್ಲ.

ಅದರ ಜತೆಗೆ ಹಳೆಯ ಕಡತಗಳ ಪರಿವರ್ತನೆ ಆಗಬೇಕು. ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅವು ನೂರಕ್ಕೆ ನೂರು ಸರಿ ಬರುವುದಿಲ್ಲವೆಂಬುದನ್ನು ಮೊದಲೇ ತಿಳಿದಿರಬೇಕು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ಅದು ಉಚ್ಚಾರಣೆಯ ಕ್ರಮದಲ್ಲಿ ಮೊದಲೇ ಬರಬೇಕು. ‘ಕಾರ್ಯ’, ‘ವರ್ಷ’, ‘ಕರ್ನಾಟಕ’ದಂಥ ಪದಗಳಲ್ಲಿ ಪರಿವರ್ತಕ ಎಡವುವುದು ಇಲ್ಲಿಯೇ. ಅನುಸ್ವಾರದ ಬದಲು ಸೊನ್ನೆ ಅಂಕಿ ಒತ್ತಿದ್ದರೆ ಕಣ್ಣಿಗೆ ವ್ಯತ್ಯಾಸ ಕಾಣದು, ಹುಡುಕುವಾಗ ಮಾತ್ರ ಪದ ಸಿಗುವುದಿಲ್ಲ. ಆದ್ದರಿಂದ ಪರಿವರ್ತಿಸಿದ ಪ್ರತಿ ಕಡತವನ್ನು ಮೂಲದ ಪಕ್ಕದಲ್ಲಿಟ್ಟು ಓದುವ ಜನ ಬೇಕು. ಕನ್ನಡ ಎಂ.ಎ. ಓದಿ ಕೆಲಸ ಹುಡುಕುತ್ತಿರುವ ಯುವಕ ಯುವತಿಯರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಪುಟಕ್ಕೆ ಇಷ್ಟೆಂದು ಸಂಭಾವನೆ ಕೊಟ್ಟು ಅವರಿಗೆ ಈ ಕೆಲಸ ವಹಿಸಬಹುದು. ಶುರು ಮಾಡಬೇಕಾದದ್ದು ಜನ ದಿನವೂ ಕೇಳಿಕೊಂಡು ಬರುವ ಹೆಸರು ಪಟ್ಟಿಗಳಿಂದ ಮತ್ತು ಈಗ ಜಾರಿಯಲ್ಲಿರುವ ಆದೇಶಗಳಿಂದ. ಮೂವತ್ತು ವರ್ಷದ ಹಿಂದಿನ ಟಿಪ್ಪಣಿಗಳು ಆಮೇಲೆ ಬಂದರೂ ನಡೆದೀತು.